ಮಕ್ಕಳಿಗೆ ಪೊಲಾಕ್ ಪರಿಚಯಿಸುವುದು ಹೇಗೆ? ನಮ್ಮ ತರಗತಿಯಲ್ಲಿ ಎಲ್ಲ ಹಾಳೆಗಳೂ ಕೆಸರಾದವು

ಬಣ್ಣದಡಬ್ಬಿ:
ಎಲ್ಲರಿಗೂ ನಮಸ್ಕಾರ. ನಾನು ವಾರಕ್ಕೊಮ್ಮೆ ಹನ್ನೊಂದು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಆರರಿಂದ ಹತ್ತು ವರ್ಷದವರು. ಮನೆ, ಮರ, ಸೂರ್ಯ ಬರೆದು ಬರೆದು ಅವರಿಗೂ ಬೇಜಾರಾಗಿತ್ತು. ಹಾಗಾಗಿ ಈ ಸಲ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರನ್ನು ಪರಿಚಯಿಸೋಣ ಅಂದುಕೊಂಡೆ. ನನಗೆ ಅವರ ಚಿತ್ರಗಳೆಂದರೆ ತುಂಬಾ ಇಷ್ಟ. ಮಕ್ಕಳಿಗೂ ಹಿಡಿಸುತ್ತದೆ ಅಂತ ನಂಬಿದ್ದೆ.

ಎರಡು ಚಿತ್ರ ತೋರಿಸಿದೆ. "ಇವರು ಹೀಗೆ ಬಣ್ಣ ಎರಚಿ ಚಿತ್ರ ಮಾಡುತ್ತಿದ್ದರು, ನೀವೂ ಮಾಡಿ" ಅಂದೆ. ಎಂಟು ಬಣ್ಣ ಕಲಸಿ ಇಟ್ಟಿದ್ದೆ. ಇಪ್ಪತ್ತು ನಿಮಿಷ ಗದ್ದಲವೋ ಗದ್ದಲ. ಆಮೇಲೆ ನೋಡಿದರೆ ಎಲ್ಲ ಹಾಳೆಗಳೂ ಒಂದೇ ಥರ, ಕಂದು ಬಣ್ಣದ ಕೆಸರು. ಹಾಳೆ ನೆನೆದು ಮಧ್ಯದಲ್ಲೇ ಹರಿದುಹೋಯಿತು. ಮಕ್ಕಳು ಖುಷಿಪಟ್ಟರು, ನಿಜ. ಆದರೆ ಒಬ್ಬರೂ ತಮ್ಮ ಚಿತ್ರವನ್ನು ಮನೆಗೆ ಒಯ್ಯಲಿಲ್ಲ. ಅದು ನನಗೆ ತುಂಬಾ ನೋವು ಕೊಟ್ಟಿತು.

ಇನ್ನೊಂದು ವಿಷಯ. ಏಳು ವರ್ಷದ ಒಬ್ಬಳು ಹುಡುಗಿ ಕೊನೆವರೆಗೂ ಬ್ರಷ್ ಹಿಡಿದು ನಿಂತೇ ಇದ್ದಳು. "ಯಾಕಮ್ಮ, ನೀನು ಮಾಡಲ್ವಾ?" ಅಂದೆ. "ಎಲ್ಲಿ ಹಾಕಬೇಕು ಅಂತ ಗೊತ್ತಾಗ್ತಿಲ್ಲ ಮಿಸ್" ಅಂದಳು. ನನ್ನ ಹತ್ತಿರ ಉತ್ತರವೇ ಇರಲಿಲ್ಲ. "ಎಲ್ಲಾದರೂ ಹಾಕು" ಅಂದುಬಿಟ್ಟೆ. ಅವಳು ಹಾಕಲಿಲ್ಲ.

ಇದನ್ನು ಸರಿಯಾಗಿ ಮಾಡುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಮೇಷ್ಟ್ರು:
ಮೇಡಂ, ಬೇಸರ ಮಾಡಿಕೊಳ್ಳಬೇಡಿ. ನಾನೂ ಮೊದಲ ಸಲ ಹೀಗೇ ಕೆಸರು ಮಾಡಿಸಿದ್ದೇನೆ. ನನಗೆ ಅನಿಸುವ ಮಟ್ಟಿಗೆ ಎಡವಟ್ಟಾಗಿರುವುದು ಬಣ್ಣದಲ್ಲಲ್ಲ, "ಎರಚಿ" ಅನ್ನುವ ಮಾತಿನಲ್ಲಿ.

ನೋಡಿ, ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟೊಂದು ಪದಗಳಿವೆ. ಎರಚುವುದು ಬೇರೆ, ಚಿಮುಕಿಸುವುದು ಬೇರೆ, ತೊಟ್ಟಿಕ್ಕಿಸುವುದು ಬೇರೆ, ಸುರಿಯುವುದು ಬೇರೆ, ದಾರದ ಹಾಗೆ ಇಳಿಬಿಡುವುದು ಬೇರೆ. ಒಂದೊಂದಕ್ಕೂ ಕೈ ಬೇರೆ ಥರ ತಿರುಗಬೇಕು. ಪೊಲಾಕ್ ಹೆಚ್ಚಾಗಿ ಮಾಡುತ್ತಿದ್ದುದು ಕೊನೆಯದು. ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ನಾಲ್ಕೂ ಕಡೆಯಿಂದ ಸುತ್ತುತ್ತಾ, ಕೋಲಿನಿಂದಲೋ ಗಟ್ಟಿಯಾದ ಬ್ರಷ್‌ನಿಂದಲೋ ಬಣ್ಣವನ್ನು ಗಾಳಿಯಲ್ಲೇ ಗೆರೆ ಎಳೆದು ಕೆಳಗಿಳಿಸುತ್ತಿದ್ದರು. ಬ್ರಷ್ ಕ್ಯಾನ್ವಾಸಿಗೆ ತಾಗುತ್ತಲೇ ಇರಲಿಲ್ಲ. 1947ರಿಂದ 1950ರವರೆಗೆ ಅವರ ದೊಡ್ಡ ಕೆಲಸಗಳೆಲ್ಲ ಹೀಗೇ ಆದವು. "ಬಣ್ಣದ ಹರಿವನ್ನು ನಾನು ಹಿಡಿತದಲ್ಲಿ ಇಡಬಲ್ಲೆ, ಆಕಸ್ಮಿಕ ಅನ್ನುವುದು ಇಲ್ಲ" ಅನ್ನುವ ಅರ್ಥದ ಮಾತನ್ನು ಅವರೇ ಹೇಳಿದ್ದಾರೆ.

ಹಾಗಾಗಿ ನಾನು ಮೊದಲ ದಿನ ಬಣ್ಣ ಕೊಡುವುದೇ ಇಲ್ಲ. ಮಗ್‌ನಲ್ಲಿ ನೀರು, ಕೈಯಲ್ಲಿ ಕೋಲು, ಕೆಳಗೆ ಒಣಗಿದ ಸಿಮೆಂಟ್ ನೆಲ. ಅಷ್ಟೇ. ಕೋಲನ್ನು ನೀರಲ್ಲಿ ಅದ್ದಿ ನೆಲದ ಮೇಲೆ ಗೆರೆ ಇಳಿಸಿ ಅನ್ನುತ್ತೇನೆ. ಮಣಿಕಟ್ಟು ತಿರುಗಿಸಿದರೆ ಒಂದು ಗೆರೆ, ಭುಜದಿಂದ ಬೀಸಿದರೆ ಇನ್ನೊಂದು ಗೆರೆ, ನಡೆಯುತ್ತಾ ಬಿಟ್ಟರೆ ಮತ್ತೊಂದು. ಬಿಸಿಲಿದ್ದರೆ ಐದು ನಿಮಿಷದಲ್ಲಿ ಒಣಗುತ್ತದೆ, ಮತ್ತೆ ಹೊಸ ನೆಲ. ಮಕ್ಕಳು ಒಂದು ಗಂಟೆ ಬೇಕಾದರೂ ಆಡುತ್ತಾರೆ. ಯಾವುದೂ ಹಾಳಾಗುವುದಿಲ್ಲ, ಯಾರಿಗೂ ಭಯವಿಲ್ಲ.

ನಿಮ್ಮ ಆ ಹುಡುಗಿಯ ವಿಚಾರ. ಅವಳು ಕೇಳಿದ್ದು ಚಿತ್ರಕಾರರೇ ಕೇಳಿಕೊಳ್ಳುವ ಪ್ರಶ್ನೆ. ಅವಳಿಗೆ ಅವಸರ ಮಾಡಬೇಡಿ.

ದ್ರವಗತಿ:
ನಾನು ಭೌತಶಾಸ್ತ್ರ ಪಾಠ ಮಾಡುವವನು, ಚಿತ್ರಕಲೆಯವನಲ್ಲ. ಆದರೂ ಈ ವಿಷಯ ನನಗೆ ಬಹಳ ಪ್ರೀತಿ.

ಜೇನುತುಪ್ಪವನ್ನು ಚಮಚದಿಂದ ಮೆಲ್ಲಗೆ ಬಿಡಿ. ಕೆಳಗೆ ತಲುಪುವ ಜಾಗದಲ್ಲಿ ಹಗ್ಗ ಸುತ್ತಿಟ್ಟ ಹಾಗೆ ಸುರುಳಿ ಸುರುಳಿಯಾಗಿ ಬೀಳುತ್ತದೆ, ಅಲ್ವಾ? ಮಂದವಾದ ದ್ರವಗಳ ಗುಣವೇ ಅದು. ಪೊಲಾಕ್ ಚಿತ್ರ ಹತ್ತಿರದಿಂದ ನೋಡಿದರೆ ಇಂಥ ಸುರುಳಿ ತೀರಾ ಕಡಿಮೆ. ಉದ್ದನೆಯ, ನಯವಾದ ಗೆರೆಗಳೇ ಜಾಸ್ತಿ. ದ್ರವಗಳ ಬಗ್ಗೆ ಕೆಲಸ ಮಾಡುವ ಕೆಲವು ಸಂಶೋಧಕರು ಅವರು ಕೆಲಸ ಮಾಡುವಾಗಿನ ಹಳೆಯ ಚಿತ್ರೀಕರಣ ನೋಡಿ, ಕೈಯ ವೇಗ, ಎತ್ತರ ಅಳೆದು, 2019ರಲ್ಲಿ ಒಂದು ಪ್ರಬಂಧ ಬರೆದರು. ಅವರಿಗೆ ಕಂಡಿದ್ದು ಇದು: ಬಣ್ಣ ಸುರುಳಿಯಾಗದಷ್ಟು ವೇಗದಲ್ಲಿ, ಅದಕ್ಕೆ ತಕ್ಕ ಎತ್ತರದಲ್ಲಿ ಪೊಲಾಕ್ ಕೈ ಆಡಿಸುತ್ತಿದ್ದರು. ಅವರು ಲೆಕ್ಕ ಹಾಕಿ ಮಾಡಲಿಲ್ಲ. ಮಾಡಿ ಮಾಡಿ ಕೈಗೆ ಗೊತ್ತಾಗಿತ್ತು.

ಮಕ್ಕಳ ಜೊತೆ ಇದನ್ನು ಆಟದ ಹಾಗೆ ಮಾಡಬಹುದು. ಒಂದೇ ಬಣ್ಣ, ಒಂದೇ ಕೋಲು. ಮೊದಲು ಒಂದು ಗೇಣು ಎತ್ತರದಿಂದ, ಆಮೇಲೆ ಮೊಣಕಾಲಿನ ಎತ್ತರದಿಂದ, ಆಮೇಲೆ ಸೊಂಟದ ಎತ್ತರದಿಂದ. ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ. ಗೆರೆ ಹೇಗೆ ಬದಲಾಯಿತು ಅಂತ ಅವರೇ ಹೇಳಲಿ. ನಾವು ಬಾಯಿ ಹಾಕಬಾರದು.

ಇನ್ನು ಹದ. ಕೆಸರಾಗಲು ಅರ್ಧ ಕಾರಣ ಇದೇ. ನೀರು ಜಾಸ್ತಿಯಾದರೆ ಬಣ್ಣಗಳು ಒಂದರೊಳಗೊಂದು ಹರಿದು ಸೇರಿಕೊಳ್ಳುತ್ತವೆ. ಪೋಸ್ಟರ್ ಬಣ್ಣ ಎರಡು ಪಾಲು, ಮಕ್ಕಳು ಬಳಸುವ ಬಿಳಿ ಅಂಟು ಒಂದು ಪಾಲು, ನೀರು ಚಮಚ ಚಮಚವಾಗಿ. ಕೋಲು ಅದ್ದಿ ಎತ್ತಿದರೆ ದಾರದ ಹಾಗೆ ಇಳಿಯಬೇಕು. ತೊಟ್ಟು ತೊಟ್ಟಾಗಿ ಉದುರಿದರೆ ನೀರು ಜಾಸ್ತಿ ಆಯಿತು. ಮುದ್ದೆಯಾಗಿ ಬಿದ್ದರೆ ಕಡಿಮೆ. ಅಂಟು ಸೇರಿಸಿದರೆ ಗೆರೆ ಒಣಗಿದ ಮೇಲೂ ಸ್ವಲ್ಪ ಉಬ್ಬಿ ನಿಲ್ಲುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ.

ಇಬ್ಬರ_ಅಮ್ಮ:
ಒಂದು ಮಾತು ಸೇರಿಸುತ್ತೇನೆ. ಪೊಲಾಕ್ ಬಳಸಿದ್ದು ಮನೆಗೆ ಹೊಡೆಯುವ ಎನಾಮೆಲ್ ಪೇಂಟ್, ಅಲ್ಯುಮಿನಿಯಂ ಪೇಂಟ್. "ಅಸಲಿ ಥರ ಬರಲಿ" ಅಂತ ಯಾರೂ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಅದರ ವಾಸನೆ ಮಕ್ಕಳಿಗೆ ಒಳ್ಳೆಯದಲ್ಲ, ಚರ್ಮಕ್ಕೆ ಅಂಟಿದರೆ ಹೋಗುವುದೂ ಇಲ್ಲ. ನೀರಲ್ಲಿ ತೊಳೆದರೆ ಹೋಗುವ ಬಣ್ಣವೇ ಸಾಕು.

ಹಾಳೆ ಬೇಡವೇ ಬೇಡ. ರಟ್ಟು ತೆಗೆದುಕೊಳ್ಳಿ, ಇಲ್ಲದಿದ್ದರೆ ಹಳೆಯ ಬೆಡ್‌ಶೀಟ್. ಬೆಡ್‌ಶೀಟ್ ಆದರೆ ನಾಲ್ಕು ಮೂಲೆಗೂ ಕಲ್ಲು ಇಟ್ಟು, ಕೆಳಗೆ ಪ್ಲಾಸ್ಟಿಕ್ ಹಾಸಿ.

ನನ್ನ ಚಿಕ್ಕವನಿಗೆ ಮೂರು ವರ್ಷ. ಅವನಿಗೆ ಕೋಲಿನ ಹಿಡಿತ ಬರುವುದಿಲ್ಲ. ಒಂದು ರಟ್ಟಿನ ಡಬ್ಬಿಯ ತಳಕ್ಕೆ ಕಾಗದ ಅಂಟಿಸಿ, ಬಣ್ಣದಲ್ಲಿ ಅದ್ದಿದ ನಾಲ್ಕು ದೊಡ್ಡ ಗೋಲಿ ಹಾಕಿ, ಡಬ್ಬಿಯನ್ನು ಅವನ ಜೊತೆ ನಾನೂ ಹಿಡಿದು ವಾಲಿಸುತ್ತೇನೆ. ಗೋಲಿ ಓಡಿದ ದಾರಿಯೇ ಗೆರೆ. ಅವನು "ಹೋಯ್ತು, ಬಂತು, ಹೋಯ್ತು" ಅಂತ ಕೂಗುತ್ತಿರುತ್ತಾನೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸು, ಹಾಗಾಗಿ ಗೋಲಿ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತೇನೆ. ಕೈ ಡಬ್ಬಿಯಿಂದ ಬಿಡುವುದಿಲ್ಲ.

ಮನೆ ಗಲೀಜಾಗುತ್ತದೆ ಅಂತ ಹೆದರುವ ಅಮ್ಮಂದಿರಿಗೆ ನಾನು ಪೊಲಾಕ್ ಕೆಲಸ ಮಾಡಿದ ಜಾಗದ ವಿಷಯ ಹೇಳುತ್ತೇನೆ. ಅಮೆರಿಕದ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನ ಸ್ಪ್ರಿಂಗ್ಸ್ ಅನ್ನುವಲ್ಲಿ ಅವರ ಮನೆಯ ಪಕ್ಕದ ಕೊಟ್ಟಿಗೆಯೇ ಅವರ ಸ್ಟುಡಿಯೋ. ಆ ನೆಲದ ಮೇಲೆ ಮುಂದೆ ಹಲಗೆ ಹೊದಿಸಿದ್ದರು. ಎಷ್ಟೋ ವರ್ಷಗಳ ನಂತರ ಹಲಗೆ ತೆಗೆದಾಗ ಕೆಳಗೆ ಕ್ಯಾನ್ವಾಸಿನ ಅಂಚು ದಾಟಿ ಬಿದ್ದ ಬಣ್ಣವೆಲ್ಲ ಹಾಗೇ ಉಳಿದಿತ್ತು. ಈಗ ಅದು ನೋಡುಗರಿಗೆ ತೆರೆದಿದೆ. ಮೆತ್ತನೆಯ ಚಪ್ಪಲಿ ಹಾಕಿಕೊಂಡೇ ಆ ನೆಲದ ಮೇಲೆ ನಡೆಯಬೇಕು. ನಮ್ಮ ಮನೆಯಲ್ಲೂ ಕೆಳಗೆ ಹಾಸಿದ ಹಳೆಯ ಬಟ್ಟೆಯನ್ನು ನಾನು ಬಿಸಾಡುವುದಿಲ್ಲ. ಒಂದೊಂದು ಸಲ ಅದೇ ಚಿತ್ರಕ್ಕಿಂತ ಚೆನ್ನಾಗಿರುತ್ತದೆ.

ಪುಟ್ಟಿಯಪ್ಪ:
ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ, ಯಾರೂ ತಪ್ಪು ತಿಳಿಯಬೇಡಿ. ನನ್ನ ಮಗಳಿಗೆ ಒಂಬತ್ತು ವರ್ಷ. ಪೊಲಾಕ್ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. "ಇದು ನಾನೂ ಮಾಡ್ತೀನಪ್ಪ, ಇದರಲ್ಲಿ ಏನಿದೆ?" ಅಂದಳು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಅವಳಿಗೆ ಏನು ಹೇಳಲಿ?

ಕುಂಚಕಡ್ಡಿ:
ಪುಟ್ಟಿಯಪ್ಪ ಸರ್, ಒಳ್ಳೆಯ ಪ್ರಶ್ನೆ. "ನಿನ್ನಿಂದ ಆಗಲ್ಲ" ಅಂತ ಮಾತ್ರ ಹೇಳಬೇಡಿ. "ಸರಿ, ಮಾಡೋಣ ಬಾ" ಅನ್ನಿ.

ಮೊದಲು ಫೋನ್ ಬದಿಗಿಡಿ. ಪೊಲಾಕ್ ಅವರನ್ನು ಫೋನಿನಲ್ಲಿ ನೋಡುವುದೆಂದರೆ ಸಮುದ್ರವನ್ನು ಲೋಟದಲ್ಲಿ ನೋಡಿದ ಹಾಗೆ. "ಒನ್: ನಂಬರ್ 31, 1950" ಅನ್ನುವ ಚಿತ್ರ ಸುಮಾರು 2.7 ಮೀಟರ್ ಎತ್ತರ, 5.3 ಮೀಟರ್ ಅಗಲ. ಅಳತೆ ಟೇಪ್ ಹಿಡಿದು ಮಗಳ ಜೊತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಚೌಕ ಎಳೆಯಿರಿ. ಅದರ ಮಧ್ಯಕ್ಕೆ ಅವಳನ್ನು ನಿಲ್ಲಿಸಿ. ನಮ್ಮ ಮಕ್ಕಳ ಗುಂಪಿನಲ್ಲಿ ಇದನ್ನು ಮಾಡಿದಾಗ ಹದಿನಾಲ್ಕು ಮಕ್ಕಳು ಆ ಚೌಕದೊಳಗೆ ಮಲಗಿದರು, ಇನ್ನೂ ಜಾಗ ಉಳಿದಿತ್ತು. "ಇಷ್ಟು ಜಾಗ ತುಂಬಬೇಕು, ಒಂದು ಮೂಲೆಯೂ ಸುಮ್ನೆ ಬಿಡಬಾರದು, ಎಲ್ಲೂ ಕೆಸರಾಗಬಾರದು" ಅಂತ ಹೇಳಿದ ಮೇಲೆ "ನಾನೂ ಮಾಡ್ತೀನಿ" ಅನ್ನುವ ಮಾತಿನ ತೂಕವೇ ಬೇರೆ.

ಆಮೇಲೆ ಕಣ್ಣಿಗೆ ಕೆಲಸ ಕೊಡಿ. "ನಂಬರ್ 1ಎ, 1948" ಚಿತ್ರದ ಮೇಲ್ಭಾಗದ ಬಲಗಡೆ ಅವರ ಅಂಗೈ ಗುರುತುಗಳಿವೆ. ನೀವು ತೋರಿಸಬೇಡಿ, ಅವಳೇ ಹುಡುಕಲಿ. "ಫುಲ್ ಫ್ಯಾದಮ್ ಫೈವ್" ಅಂತ 1947ರ ಚಿತ್ರ ಇದೆ. ಅದರ ದಪ್ಪ ಬಣ್ಣದೊಳಗೆ ಮೊಳೆ, ಗುಂಡಿ, ನಾಣ್ಯ, ಬೆಂಕಿಕಡ್ಡಿ, ಒಂದು ಬೀಗದ ಕೈ ಎಲ್ಲ ಹುದುಗಿವೆ. ಇದನ್ನು ಹೇಳಿದರೆ ಮಕ್ಕಳು ಚಿತ್ರದ ಮುಂದಿನಿಂದ ಏಳುವುದೇ ಇಲ್ಲ.

ಇನ್ನೊಂದು. ಅವರು ಒಂದು ದಿನ ಎದ್ದು ಡಬ್ಬಿ ಕೆಡವಿ ಹೆಸರು ಮಾಡಿದವರಲ್ಲ. 1912ರಲ್ಲಿ ವಯೋಮಿಂಗ್‌ನ ಕೋಡಿಯಲ್ಲಿ ಹುಟ್ಟಿದರು, ಐವರು ಅಣ್ಣತಮ್ಮಂದಿರಲ್ಲಿ ಕಿರಿಯವರು. 1930ರಲ್ಲಿ ನ್ಯೂಯಾರ್ಕ್‌ಗೆ ಬಂದು ಚಿತ್ರಕಾರ ಥಾಮಸ್ ಹಾರ್ಟ್ ಬೆಂಟನ್ ಹತ್ತಿರ ಮನುಷ್ಯರನ್ನು, ಹೊಲಗಳನ್ನು, ಕುದುರೆಗಳನ್ನು ಬರೆಯಲು ಕಲಿತರು. 1936ರಲ್ಲಿ ಮೆಕ್ಸಿಕೊದ ಚಿತ್ರಕಾರ ಸಿಕೇರೋಸ್ ಅವರ ಕಾರ್ಯಾಗಾರದಲ್ಲಿ ಬಣ್ಣ ಸುರಿಯುವುದನ್ನು ಕಂಡರು. ನೆಲದ ಮೇಲೆ ಕೆಲಸ ಮಾಡುವ ತಮ್ಮ ಕ್ರಮ ಅಮೆರಿಕದ ಮೂಲನಿವಾಸಿಗಳ ಮರಳು ಚಿತ್ರಗಳಿಗೆ ಹತ್ತಿರ ಅಂತ ಅವರೇ ಬರೆದಿದ್ದಾರೆ. (ಆ ಮರಳು ಚಿತ್ರಗಳು ನವಾಹೊ ಜನರಿಗೆ ಪೂಜೆಯ, ವಾಸಿ ಮಾಡುವ ವಿಧಿಯ ಭಾಗ. ಮಕ್ಕಳಿಗೆ ಅದರ ಬಗ್ಗೆ ಹೇಳಿ, ಆದರೆ ಅದನ್ನು ನಕಲು ಮಾಡಿಸುವುದು ಬೇಡ ಅಂತ ನನ್ನ ಅಭಿಪ್ರಾಯ.) ಅಂದರೆ ನೆಲಕ್ಕೆ ಕ್ಯಾನ್ವಾಸ್ ಹಾಸಿ ಆ ಗೆರೆ ಇಳಿಸುವ ಹೊತ್ತಿಗೆ ಅವರಿಗೆ 35 ವರ್ಷ.

ಇನ್ನೊಬ್ಬರ ಹೆಸರನ್ನೂ ಮಕ್ಕಳಿಗೆ ಹೇಳಿ. ಜಾನೆಟ್ ಸೋಬೆಲ್. ಎಲ್ಲೂ ಚಿತ್ರಕಲೆ ಕಲಿತವರಲ್ಲ, ನಲವತ್ತು ದಾಟಿದ ಮೇಲೆ ಬ್ರಷ್ ಹಿಡಿದವರು. ಅವರ "ಮಿಲ್ಕಿ ವೇ" 1945ರದು, ಪೊಲಾಕ್ ಅವರ ಡ್ರಿಪ್ (ಬಣ್ಣ ಇಳಿಬಿಟ್ಟು ಮಾಡಿದ) ಚಿತ್ರಗಳಿಗಿಂತ ಮೊದಲಿನದು. ಸೋಬೆಲ್ ಅವರ ಕೆಲಸವನ್ನು ಪೊಲಾಕ್ ನೋಡಿ ಮೆಚ್ಚಿದ್ದರು. ಹೆಣ್ಣುಮಕ್ಕಳು ಇದನ್ನು ಕೇಳಿದಾಗ ಅವರ ಮುಖ ನೋಡಬೇಕು.

ಹಳೇಮೇಷ್ಟ್ರು:
ಕುಂಚಕಡ್ಡಿಯವರ ಮಾತೆಲ್ಲ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಚಿತ್ರ ಮೊದಲು ತೋರಿಸುವುದು ಬೇಡ. ತೋರಿಸಿದರೆ ಮಕ್ಕಳು ಅದರ ಹಾಗೆ ಬರಲಿ ಅಂತ ಒದ್ದಾಡುತ್ತಾರೆ. ಮೊದಲು ಅವರ ಕೈ ಬಣ್ಣದ ಗುಣ ತಿಳಿಯಲಿ. ಆಮೇಲೆ ಚಿತ್ರ ತೋರಿಸಿದರೆ "ಓ, ಇಲ್ಲಿ ಕೈ ಜೋರಾಗಿ ಬೀಸಿದ್ದಾರೆ", "ಇಲ್ಲಿ ಕಪ್ಪು ಮೊದಲು, ಬಿಳಿ ಆಮೇಲೆ" ಅಂತ ಅವರೇ ಓದುತ್ತಾರೆ.

ಕುಂಚಕಡ್ಡಿ:
ಮೇಷ್ಟ್ರೇ, ನನ್ನ ಅನುಭವ ಬೇರೆ. ಏನೂ ನೋಡದೆ ಶುರು ಮಾಡಿದರೆ ಕೆಲವು ಮಕ್ಕಳು ಮತ್ತೆ ಮನೆ, ಸೂರ್ಯ ಬರೆಯಲು ಹೋಗುತ್ತಾರೆ. ಆದರೆ ನೀರಿನ ಆಟ ಮೊದಲು ಬಂದರೆ ನಿಮ್ಮ ಕ್ರಮವೂ ಸರಿಹೋಗಬಹುದು. ಮುಂದಿನ ಸಲ ನೋಡುತ್ತೇನೆ.

ಇಬ್ಬರ_ಅಮ್ಮ:
ಅವರ ಬದುಕಿನ ಬಗ್ಗೆ ಮಕ್ಕಳಿಗೆ ಎಷ್ಟು ಹೇಳಬೇಕು? ನನ್ನ ದೊಡ್ಡವಳು "ಅವರು ಈಗ ಎಲ್ಲಿದ್ದಾರೆ?" ಅಂತ ಕೇಳಿದಾಗ ನಾನು ತಡವರಿಸಿದೆ.

ಹಳೇಮೇಷ್ಟ್ರು:
ಕೇಳಿದಷ್ಟಕ್ಕೆ ನಿಜ ಹೇಳಿ ಅಮ್ಮ. ನಾನು ಹೇಳುವುದು ಹೀಗೆ: "ಅವರಿಗೆ ಕುಡಿತದ ಕಾಯಿಲೆ ಇತ್ತು. ಅದರಿಂದ ಅವರೂ ಅವರ ಜೊತೆಗಿದ್ದವರೂ ತುಂಬಾ ಕಷ್ಟಪಟ್ಟರು. 1956ರಲ್ಲಿ ಕುಡಿದು ಕಾರು ಓಡಿಸಿ ಅಪಘಾತದಲ್ಲಿ ತೀರಿಕೊಂಡರು, ಆಗ 44 ವರ್ಷ." ಕುಡಿದದ್ದರಿಂದಲೇ ಚಿತ್ರ ಚೆನ್ನಾಗಿ ಬಂತು ಅನ್ನುವ ಮಾತು ಮಾತ್ರ ಯಾವ ಮಗುವಿನ ಕಿವಿಗೂ ಬೀಳಬಾರದು. ಅದು ಸುಳ್ಳು. ಆ ದೊಡ್ಡ ಚಿತ್ರಗಳಲ್ಲಿ ಬಹಳಷ್ಟು ಅವರು ಕುಡಿತ ಬಿಟ್ಟಿದ್ದ ಕಾಲದವು.

ಲೀ ಕ್ರಾಸ್ನರ್ ಬಗ್ಗೆಯೂ ಹೇಳಿ. ಪೊಲಾಕ್ ಅವರ ಹೆಂಡತಿ ಅಂತಷ್ಟೇ ಅಲ್ಲ, ಚಿತ್ರಕಾರ್ತಿ ಅಂತ ಹೇಳಿ. ಪೊಲಾಕ್ ಕೊಟ್ಟಿಗೆಯಲ್ಲಿ ಅಷ್ಟು ದೊಡ್ಡ ಕ್ಯಾನ್ವಾಸ್ ಹಾಸಿಕೊಂಡಿದ್ದಾಗ ಲೀ ಮಹಡಿಯ ಸಣ್ಣ ಮಲಗುವ ಕೋಣೆಯಲ್ಲಿ ಸಣ್ಣ ಸಣ್ಣ ಚಿತ್ರ ಮಾಡುತ್ತಿದ್ದರು. ಪೊಲಾಕ್ ತೀರಿಕೊಂಡ ಮೇಲೆ ಆ ಕೊಟ್ಟಿಗೆಯಲ್ಲಿ ಕೆಲಸ ಮಾಡಿದರು, ಆಗ ಅವರ ಚಿತ್ರಗಳೂ ದೊಡ್ಡವಾದವು. ಜಾಗ ಸಿಕ್ಕರೆ ಕೈ ಎಷ್ಟು ಚಾಚುತ್ತದೆ ಅನ್ನುವುದು ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಬಣ್ಣದಡಬ್ಬಿ:
ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಆಯಿತು. ಏನು ಮಾಡಿದೆ ಅಂತ ಹೇಳಲೇಬೇಕು.

ಮೊದಲ ವಾರ ಬರೀ ನೀರು. ಮೇಷ್ಟ್ರು ಹೇಳಿದ್ದು ನಿಜ, ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಒಬ್ಬ ಹುಡುಗ ಹಿಂದಕ್ಕೆ ನಡೆಯುತ್ತಾ ಉದ್ದನೆಯ ಗೆರೆ ಬಿಡುವುದು ಕಂಡುಹಿಡಿದ. ಎಲ್ಲರೂ ಸಾಲಾಗಿ ಹಿಂದಕ್ಕೆ ನಡೆದರು.

ಎರಡನೇ ವಾರ ಕಪ್ಪು ಮಾತ್ರ ಕೊಟ್ಟೆ. ಹದ ಮಾಡಿದ್ದು ಮಕ್ಕಳೇ. ಕೋಲು ಎತ್ತಿ ಎತ್ತಿ ನೋಡಿ "ಇನ್ನೂ ದಾರ ಆಗಿಲ್ಲ ಮಿಸ್" ಅನ್ನುತ್ತಿದ್ದರು. "ದಾರ ಆಯ್ತು" ಅನ್ನುವುದು ಈಗ ನಮ್ಮ ತರಗತಿಯ ಮಾತೇ ಆಗಿಬಿಟ್ಟಿದೆ. ಕಪ್ಪು ಗೆರೆ ಹಾಕಿ ಪೂರ್ತಿ ಒಣಗಲು ಬಿಟ್ಟೆವು. ಒಣಗಿದ ಮೇಲೆಯೇ ಮುಂದಿನ ಬಣ್ಣ. ನಾನು ಹಿಂದೆ ಮಾಡಿದ ದೊಡ್ಡ ತಪ್ಪು ಇದೇ. ಎಂಟು ಬಣ್ಣವನ್ನು ಒಂದೇ ಸಲ ಒದ್ದೆಯ ಮೇಲೆ ಹಾಕಿಸಿದ್ದೆ. ಕೆಸರಾಗದೆ ಇನ್ನೇನಾದೀತು? ಈ ಸಲ ಒಟ್ಟು ನಾಲ್ಕೇ. ಕಪ್ಪು, ಬಿಳಿ, ಮಣ್ಣಿನ ಕೆಂಪು, ಬೂದು ಮಿಶ್ರಿತ ನೀಲಿ.

ಮೂರನೇ ವಾರ ಉಳಿದ ಬಣ್ಣಗಳು. ಮೊದಲು ಎಲ್ಲರೂ ಕಪ್ಪು ಗೆರೆಗಳ ಸುತ್ತ ಒಂದು ಸುತ್ತು ನಡೆದೆವು. ಏನೂ ಹಾಕದೆ, ಸುಮ್ನೆ ನೋಡುತ್ತಾ. ಆಮೇಲೆ ಕೆಂಪು. ಮತ್ತೆ ಸುತ್ತು. ಪ್ರತಿ ಸುತ್ತಿನಲ್ಲೂ ಗದ್ದಲ ಕಡಿಮೆಯಾಗುತ್ತಾ ಹೋಯಿತು. ನಾನು "ಸದ್ದು ಮಾಡಬೇಡಿ" ಅಂತ ಒಂದು ಸಲವೂ ಹೇಳಲಿಲ್ಲ.

ಇನ್ನು ಆ ಹುಡುಗಿ. ನೀರಿನ ದಿನ ಚೆನ್ನಾಗಿ ಆಡಿದ್ದಳು. ಕಪ್ಪು ಬಣ್ಣದ ದಿನ ಎರಡೇ ಗೆರೆ ಹಾಕಿ ನಿಲ್ಲಿಸಿದಳು. ನಾನು ಏನೂ ಅನ್ನಲಿಲ್ಲ. ಮೂರನೇ ವಾರ ತನ್ನ ರಟ್ಟಿನ ಸುತ್ತ ಮೂರು ಸಲ ನಡೆದಳು. ಎಡಗಡೆ ಮೂಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕೋಲನ್ನು ಬಿಳಿ ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಒಮ್ಮೆ ಒರೆಸಿ, ಎದ್ದು ನಿಂತು, ಉಸಿರು ಹಿಡಿದು, ಆ ಮೂಲೆಯಿಂದ ಎದುರಿನ ಅಂಚು ದಾಟುವವರೆಗೆ ಒಂದೇ ಬೀಸಿನಲ್ಲಿ ಗೆರೆ ಇಳಿಸಿದಳು. ಕೊನೆಯ ಅರ್ಧ ಗೆರೆ ರಟ್ಟು ಬಿಟ್ಟು ಪ್ಲಾಸ್ಟಿಕ್ ಮೇಲೆ ಬಿತ್ತು. ಅದನ್ನು ನೋಡಿ ನನ್ನ ಕಡೆ ತಿರುಗಿ "ಮಿಸ್, ಅಲ್ಲೂ ಬರಬೇಕಿತ್ತು" ಅಂದಳು. ಅಂದರೆ ಬೇಕಂತಲೇ ಹಾಗೆ ಬೀಸಿದ್ದಳು. ನನಗೆ ಕಣ್ಣು ತುಂಬಿ ಬಂತು.

ಎಲ್ಲ ಮುಗಿದ ಮೇಲೆ ಪೊಲಾಕ್ ಚಿತ್ರ ತೋರಿಸಿದೆ, ಮೇಷ್ಟ್ರ ಕ್ರಮದಲ್ಲೇ. "ನಂಬರ್ 1ಎ" ನೋಡಿ ಅಂಗೈ ಗುರುತು ಮೊದಲು ಕಂಡುಹಿಡಿದವನು ಆರು ವರ್ಷದವನು. ಹುಡುಕಿ ಎಂದು ನಾನು ಹೇಳಿಯೂ ಇರಲಿಲ್ಲ.

ಪುಟ್ಟಿಯಪ್ಪ:
ಓದಿ ಬಹಳ ಸಂತೋಷವಾಯಿತು ಮೇಡಂ. ನಾವೂ ಸೀಮೆಸುಣ್ಣದ ಚೌಕ ಎಳೆದೆವು. ಮಗಳು ಅದರ ಮಧ್ಯ ನಿಂತು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ "ಅಪ್ಪ, ಮಧ್ಯಕ್ಕೆ ಕೈ ಎಟುಕಲ್ಲ, ಅವರು ಹೇಗೆ ಹಾಕಿದ್ರು?" ಅಂತ ಕೇಳಿದಳು. ಈಗ ನಾಲ್ಕು ದಿನದಿಂದ ಉದ್ದನೆಯ ಕೋಲು ಹುಡುಕುತ್ತಿದ್ದೇವೆ. ಒಂದು ಸಂದೇಹ: ಮುಗಿಯಿತು ಅಂತ ಯಾವಾಗ ಹೇಳಬೇಕು? ಅವಳು ನಿಲ್ಲಿಸುವುದೇ ಇಲ್ಲ.

ಕುಂಚಕಡ್ಡಿ:
ನಾವು ಹೇಳಬಾರದು ಸರ್. "ಇನ್ನೊಂದು ಗೆರೆ ಬೇಕಾ, ಬೇಡವಾ? ಬೇಕಿದ್ದರೆ ಎಲ್ಲಿ?" ಅಂತ ಕೇಳಿ. ಎಲ್ಲಿ ಅಂತ ಬೆರಳು ತೋರಿಸಿದರೆ ಹಾಕಲಿ. ತೋರಿಸಲು ಜಾಗ ಸಿಗದಿದ್ದರೆ ಕೋಲು ಕೆಳಗಿಡಲಿ. ಹಾಳಾಯಿತು ಅಂತ ಅತ್ತರೆ ಒಣಗಿಸಿ, ಮೇಲೊಂದು ಪದರ ಹಾಕಬಹುದು. ಚಿತ್ರ ಬದಲಾಯಿಸಲು, ಕೆಡಿಸಲು ಪೊಲಾಕ್‌ಗೂ ಭಯ ಇರಲಿಲ್ಲ.

ಇಬ್ಬರ_ಅಮ್ಮ:
ಒಣಗುವವರೆಗೆ ನೇರ ನಿಲ್ಲಿಸಬೇಡಿ, ಮಲಗಿಸಿಯೇ ಇಡಿ. ಅಂಟು ಹಾಕಿದ ದಪ್ಪ ಗೆರೆಗೆ ಒಂದು ದಿನವಂತೂ ಬೇಕು. ನಾನು ಒಂದು ಸಲ ಅವಸರಕ್ಕೆ ಗೋಡೆಗೆ ಒರಗಿಸಿ, ಮಗಳ ಗೆರೆಗಳೆಲ್ಲ ಕೆಳಗೆ ಜಾರಿದವು. ಅವಳು ಬಹಳ ಅತ್ತಳು.

ದ್ರವಗತಿ:
ಬಣ್ಣದಡಬ್ಬಿಯವರೇ, ಆ ಚಿತ್ರಗಳಿಗೆ ಮಕ್ಕಳು ಹೆಸರು ಇಟ್ಟರಾ?

ಬಣ್ಣದಡಬ್ಬಿ:
ಪೊಲಾಕ್ 1948ರಿಂದ ಹೆಚ್ಚಾಗಿ ನಂಬರ್ ಕೊಡಲು ಶುರು ಮಾಡಿದರು, ಹೆಸರು ಓದಿ ಜನ ಚಿತ್ರದಲ್ಲಿ ಅದನ್ನೇ ಹುಡುಕಬಾರದು ಅಂತ. ಇದನ್ನು ಹೇಳಿ, ಹೆಸರೋ ನಂಬರೋ ನಿಮಗೆ ಬಿಟ್ಟದ್ದು ಅಂದೆ. ಏಳು ಜನ ನಂಬರ್ ಹಾಕಿದರು, ಮೂವರು ಹೆಸರು ಇಟ್ಟರು. ಆ ಹುಡುಗಿ ರಟ್ಟನ್ನು ಎತ್ತಿ ನೋಡಿ, ಪ್ಲಾಸ್ಟಿಕ್ ಮೇಲೆ ಬಿದ್ದಿದ್ದ ತನ್ನ ಅರ್ಧ ಗೆರೆಯನ್ನೂ ಕತ್ತರಿಸಿ ಕೊಡಿ ಅಂದಳು. ಕತ್ತರಿಸಿ ಕೊಟ್ಟೆ. ಎರಡಕ್ಕೂ ಹಿಂದೆ "1" ಅಂತ ಬರೆದು ಮನೆಗೆ ಒಯ್ದಳು.